ಬಾಟಲಿಯ ಮೇಲೆ ಸೀಗೆ, ಬೇಲಿಯ ಮೇಲೆ ತಂತಿ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಪಶ್ಚಿಮಾಭಿಮುಖವಾಗಿ ಸಾಗುತ್ತ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳನ್ನು ಹಿಂದೆ ಬಿಟ್ಟು ಸುಂಕದಕಟ್ಟೆಯನ್ನು ದಾಟಿದರೆ ಸೀಗೇಹಳ್ಳಿ ಎಂಬ ಊರು ಎದುರಾಗುತ್ತದೆ. ಅದೇ ನಗರದ ಇನ್ನೊಂದು ತುದಿಯಲ್ಲಿ, ಕೆ.ಆರ್. ಪುರದ ಕಡೆಗೆ, ಮತ್ತೊಂದು ಸೀಗೇಹಳ್ಳಿ ಇದೆ. ನಮ್ಮ ಶಿವಮೊಗ್ಗ ಪಟ್ಟಣದೊಳಗೇ ಸೀಗೆಹಟ್ಟಿ ಎಂಬ ಕೇರಿ ಇದೆ. ಊರಿನ ಹೆಸರಿನಲ್ಲಿ ಕುಳಿತುಕೊಳ್ಳುವಷ್ಟು ನಮ್ಮ ಹಿರಿಯರಿಗೆ ಪರಿಚಿತವಾಗಿದ್ದ ಮುಳ್ಳುಪೊದೆಯೊಂದನ್ನು ಇಂದು ಆ ಊರುಗಳಲ್ಲಿ ಬೆಳೆಯುವ ಮಕ್ಕಳಿಗೆ ತೋರಿಸಬೇಕೆಂದರೆ ಬೇಲಿಯ ಬಳಿಗೆ ಕರೆದೊಯ್ಯುವಂತಿಲ್ಲ. ಅಂಗಡಿಯ ಕಪಾಟಿನಲ್ಲಿರುವ ಬಾಟಲಿಯನ್ನು ತೋರಿಸಬೇಕು.

ಒಮ್ಮೆ ದೀಪಾವಳಿಗೆ ಮುನ್ನ ವಿಜಯನಗರದ ಬಂಧುಗಳ ಮನೆಗೆ ಒಂದು ಸಣ್ಣ ಚೀಲದಲ್ಲಿ ಒಣಗಿದ ಸೀಗೆಕಾಯಿಯನ್ನು ಒಯ್ದಿದ್ದೆ. ಆ ಮನೆಯ ಹುಡುಗಿ ಒಂದು ಕಾಯಿಯನ್ನು ಕೈಗೆತ್ತಿಕೊಂಡು, "ದೊಡ್ಡಪ್ಪ, ಇದು ಹುಣಿಸೆಹಣ್ಣಾ?" ಎಂದು ಕೇಳಿದಳು. ಅವಳ ಬಚ್ಚಲಿನಲ್ಲಿದ್ದ ಶಾಂಪೂ ಬಾಟಲಿಯ ಮೇಲೆ ಅದೇ ಕಾಯಿಯ ಚಿತ್ರವಿತ್ತು. ಮಗುವನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಚಿತ್ರವನ್ನು ಕೊಟ್ಟು ವಸ್ತುವನ್ನು ಮರೆಸಿದ ವ್ಯವಸ್ಥೆಯೊಂದಿದೆ. ಅದರಲ್ಲಿ ನಗರವೂ ಪಾಲುದಾರ, ಮಲೆನಾಡಿನ ನಾವೂ ಪಾಲುದಾರರು. ಸೀಗೆಯ ಹೆಸರನ್ನು ಮಾರಿಕೊಳ್ಳುತ್ತ ಸೀಗೆಯ ಬುಡವನ್ನು ಕಡಿಯುವ ಈ ಇಬ್ಬಂದಿತನವನ್ನು ಪ್ರಶ್ನಿಸುವುದೇ ಈ ಬರಹದ ಉದ್ದೇಶ.

ಮರವೂ ಅಲ್ಲ, ಬರಿಯ ಬಳ್ಳಿಯೂ ಅಲ್ಲ

ಮೊದಲಿಗೆ ಸಸ್ಯದ ಪರಿಚಯವಾಗಲಿ. ಗುರುತಿಲ್ಲದ್ದನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

ಸೀಗೆಯು ದ್ವಿದಳ ಸಸ್ಯಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಜಾಲಿ ಮತ್ತು ಮುಟ್ಟಿದರೆ ಮುನಿಗಳ ಸಂಬಂಧಿ. ಭಾರತದಿಂದ ಮೊದಲುಗೊಂಡು ಮ್ಯಾನ್ಮಾರ್, ಥಾಯ್ಲೆಂಡ್, ದಕ್ಷಿಣ ಚೀನಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ವರೆಗೆ ಏಷ್ಯಾದ ಉಷ್ಣವಲಯದಲ್ಲಿ ಹಬ್ಬಿಕೊಂಡಿದೆ. ಇದನ್ನು ಸಸ್ಯಶಾಸ್ತ್ರಜ್ಞರು ಹತ್ತುಪೊದೆ ಎಂಬ ಗುಂಪಿಗೆ ಸೇರಿಸುತ್ತಾರೆ. ಬಯಲಿನಲ್ಲಿ ಒಂಟಿಯಾಗಿ ನಿಂತಾಗ ಇದು ಬಾಗಿದ ಕೊಂಬೆಗಳ ದಟ್ಟ ಮೆಳೆ. ಪಕ್ಕದಲ್ಲೊಂದು ಮರ ಸಿಕ್ಕಿತೆಂದರೆ ಅದನ್ನೇ ಏಣಿ ಮಾಡಿಕೊಂಡು ನೆತ್ತಿಯವರೆಗೆ ಏರುವ, ತೊಡೆಗಾತ್ರಕ್ಕೂ ಬಲಿಯಬಲ್ಲ ಕಾಷ್ಠಬಳ್ಳಿ.

ಏರುವ ಬಗೆಯಲ್ಲಿಯೇ ಸೀಗೆಯ ವಿಶೇಷವಿದೆ. ಅವರೆಯ ಬಳ್ಳಿಯಂತೆ ಇದು ಆಸರೆಯನ್ನು ಸುತ್ತಿಕೊಳ್ಳುವುದಿಲ್ಲ. ಹಾಗಲದ ಬಳ್ಳಿಗಿರುವ ಸುರುಳಿ ಎಳೆಗಳು ಇದಕ್ಕಿಲ್ಲ. ಕಾಳುಮೆಣಸಿನಂತೆ ಗಂಟುಗಂಟಿಗೆ ಬೇರು ಬಿಟ್ಟು ಅಂಟಿಕೊಳ್ಳುವುದೂ ಇಲ್ಲ. ಇದರ ಸಾಧನ ಮುಳ್ಳು ಮಾತ್ರ. ಕರಿಜಾಲಿಯ ಮುಳ್ಳನ್ನು ನೋಡಿದವರಿಗೆ ಗೊತ್ತು: ಅದು ನೇರ, ಎಲೆಯ ಬುಡದಲ್ಲಿ ಜೋಡಿಯಾಗಿ ಹುಟ್ಟುವಂಥದು. ಸೀಗೆಯ ಮುಳ್ಳು ಹಾಗಲ್ಲ. ಅದು ಕಾಂಡದ ಸಿಪ್ಪೆಯಿಂದಲೇ ಎಲ್ಲೆಂದರಲ್ಲಿ ಹೊಮ್ಮುವ, ಹಿಂದಕ್ಕೆ ಬಾಗಿದ ಪುಟ್ಟ ಕೊಕ್ಕೆ. ಮುಂದಕ್ಕೆ ಚಾಚಿದ ಕುಡಿ ಗಾಳಿಗೆ ಜಾರಿ ಹಿಂದೆ ಬರುವಾಗ ಈ ಕೊಕ್ಕೆ ಪಕ್ಕದ ರೆಂಬೆಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಜಾರುತ್ತ, ಸಿಕ್ಕಿಕೊಳ್ಳುತ್ತ ಸೀಗೆ ಮೇಲೇರುತ್ತದೆ. ಮೆಳೆಯೊಳಗೆ ಒಮ್ಮೆ ಕೈಹಾಕಿದವರಿಗೆ ಇದರ ಅನುಭವ ಉಂಟು: ಒಳಗೆ ಹೋಗುವುದು ಸುಲಭ, ಹಿಂದಕ್ಕೆ ಎಳೆದುಕೊಳ್ಳುವುದು ಕಷ್ಟ.

ಎಲೆಯು ಎರಡು ಬಾರಿ ಕವಲೊಡೆದದ್ದು. ನಡುದಂಟಿನ ಇಕ್ಕೆಲದಲ್ಲಿ ಹಲವು ಜೊತೆ ಉಪದಂಟುಗಳು, ಒಂದೊಂದರ ಮೇಲೂ ಸಾಲಾಗಿ ಜೋಡಿಸಿದ ಕಿರುಎಲೆಗಳು. ಎಲೆಯ ತೊಟ್ಟಿನ ಮೇಲೆ ಸಣ್ಣ ಗುಳ್ಳೆಯಂಥ ಗ್ರಂಥಿಯೊಂದಿರುತ್ತದೆ. ಗುರುತು ಹಿಡಿಯುವವರು ಅದನ್ನು ಹುಡುಕುತ್ತಾರೆ. ಹೂವು ಒಂಟಿಯಲ್ಲ, ಹತ್ತಾರು ಹೂಗಳು ಸೇರಿದ ಪುಟ್ಟ ಚೆಂಡುಗಳು ಗೊಂಚಲು ಗೊಂಚಲಾಗಿ ಕೊಂಬೆಯ ತುದಿಗೆ ಬರುತ್ತವೆ. ಮೊಗ್ಗಿನಲ್ಲಿ ಕೆಂಪಿನ ಛಾಯೆ, ಅರಳಿದಾಗ ಕೆನೆಬಿಳುಪು. ನಮ್ಮ ಕಣ್ಣಿಗೆ ಹೂವೆಂದು ಕಾಣುವುದು ದಳವಲ್ಲ, ಲೆಕ್ಕವಿಲ್ಲದಷ್ಟು ಕೇಸರಗಳ ತುರಾಯಿ. ಜೇನುನೊಣಗಳಿಗೆ ಅದು ಹಬ್ಬ. ಕಾಯಿ ಹಸಿರಿರುವಾಗ ದಪ್ಪ, ರಸಭರಿತ. ಚಳಿಗಾಲ ಕಳೆದು ಬಲಿತು ಒಣಗಿದ ಮೇಲೆ ಕಂದುಬಣ್ಣಕ್ಕೆ ತಿರುಗಿ ಮೈಯೆಲ್ಲ ಸುಕ್ಕುಗಟ್ಟುತ್ತದೆ. ಆ ಸುಕ್ಕಿನ ಸಿಪ್ಪೆಯಲ್ಲಿಯೇ ಸಪೋನಿನ್ ಎಂಬ ನೊರೆಯ ದ್ರವ್ಯವಿದೆ. ಎಳೆಯ ಕುಡಿ ಹುಳಿ. ಸಾರಿಗೆ, ಚಟ್ನಿಗೆ ಅದನ್ನು ಬಳಸುವ ಮನೆಗಳು ಇನ್ನೂ ಇವೆ.

ಹೆಸರು ಕಳೆದುಕೊಂಡ ಕಥೆ

ಈ ಸಸ್ಯಕ್ಕೆ ವಿಜ್ಞಾನವು ಬಹುಕಾಲ ಕೊಟ್ಟಿದ್ದ ಹೆಸರು ಅಕೇಶಿಯಾ ಕಾನ್ಸಿನ್ನಾ. ಕಾನ್ಸಿನ್ನಾ ಎಂದರೆ ಲ್ಯಾಟಿನ್‌ನಲ್ಲಿ ಅಚ್ಚುಕಟ್ಟಾದದ್ದು ಎಂದರ್ಥ. ಇಂದಿನ ಹೆಸರು ಸೆನೆಗಾಲಿಯಾ ರುಗಾಟಾ. ರುಗಾಟಾ ಎಂದರೆ ಸುಕ್ಕುಗಟ್ಟಿದ್ದು. ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್ ಇಟ್ಟ ವಿಶೇಷಣ ಅದು. ಹೆಸರು ಬದಲಾದದ್ದೇಕೆ? ಅಕೇಶಿಯಾ ಎಂಬ ಕುಲ ತೀರಾ ದೊಡ್ಡದೆಂದೂ ಒಂದೇ ಮೂಲದ್ದಲ್ಲವೆಂದೂ ತಿಳಿದಾಗ ಅದನ್ನು ಒಡೆಯಬೇಕಾಯಿತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನವು ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಪ್ರಭೇದಗಳಿಗೆ ಉಳಿಸಿಕೊಟ್ಟಿತು. 2011ರ ಮೆಲ್ಬರ್ನ್ ಸಮ್ಮೇಳನ ಅದನ್ನೇ ಎತ್ತಿಹಿಡಿಯಿತು. ಏಷ್ಯಾ, ಆಫ್ರಿಕಾಗಳ ನಮ್ಮ ಜಾಲಿಗಳು ವಾಚೆಲಿಯಾ ಆದವು, ಸೀಗೆ ಸೆನೆಗಾಲಿಯಾ ಆಯಿತು.

ವರ್ಗೀಕರಣಕ್ಕೆ ಅದರದೇ ತರ್ಕವಿದೆ. ನಾವು ಅದನ್ನು ಆಕ್ಷೇಪಿಸುತ್ತಿಲ್ಲ. ಆದರೆ ಮಲೆನಾಡಿನವರಿಗೆ ಈ ತೀರ್ಪು ಹೊಸದೆನಿಸಲಿಲ್ಲ. ಹಾಳೆಯ ಮೇಲೆ ನಡೆದದ್ದು ನಮ್ಮ ನೆಲದ ಮೇಲೆ ಎಂದೋ ನಡೆದುಹೋಗಿತ್ತು. 1980ರ ದಶಕದಿಂದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ, ವಿಶ್ವಬ್ಯಾಂಕಿನಂಥ ಸಂಸ್ಥೆಗಳ ನೆರವಿನೊಂದಿಗೆ, ಗೋಮಾಳ, ಕಾನು, ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತದ್ದು ಆಸ್ಟ್ರೇಲಿಯಾದ ಅಕೇಶಿಯಾ. ಇಂದು ಮಲೆನಾಡಿನ ಯಾವ ಮಗುವನ್ನು ಕೇಳಿದರೂ ಅಕೇಶಿಯಾ ಎಂದರೆ ಆ ನೆಡುತೋಪಿನ ಮರವೇ. ನೆಲದಲ್ಲಿ ಜಾಗ ಕಳೆದುಕೊಂಡ ಸೀಗೆ ಆಮೇಲೆ ಹೆಸರನ್ನೂ ಕಳೆದುಕೊಂಡಿತು.

ಬಳ್ಳಿ ಕಡಿಯುವ ಶಾಸ್ತ್ರ

ಇದು ಆಕಸ್ಮಿಕವಲ್ಲ. ಮೋಪನ್ನೇ ಕಾಡಿನ ಫಲವೆಂದು ತಿಳಿದ ಬ್ರಿಟಿಷರ ಕಾಲದ ಅರಣ್ಯಶಾಸ್ತ್ರಕ್ಕೆ ಹತ್ತುಬಳ್ಳಿಗಳು ಮೊದಲಿನಿಂದಲೂ ಶತ್ರು. ತೇಗ, ಬೀಟೆಗಳ ನೇರಕಾಂಡವನ್ನು ಬಾಗಿಸುವ, ಬೆಳಕನ್ನು ಕಸಿಯುವ ಕಳೆ ಎಂದು ಅವನ್ನು ಪರಿಗಣಿಸಲಾಯಿತು. ಅರಣ್ಯದ ಕಾರ್ಯಯೋಜನೆಗಳಲ್ಲಿ ಬಳ್ಳಿ ಕಡಿಯುವುದು ಒಂದು ನಿಯಮಿತ ಕೆಲಸವೇ ಆಯಿತು. ಸ್ವಾತಂತ್ರ್ಯ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ನಾಟಾ ದೃಷ್ಟಿಯಿಂದ ನೋಡುವವನಿಗೆ ಸೀಗೆ ಮೆಳೆ ಕಸ. ಆದರೆ ಆ ಮೆಳೆಯಲ್ಲಿ ಗೂಡು ಕಟ್ಟುವ ಪಿಕಳಾರಕ್ಕೆ ಅದು ಕೋಟೆ. ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಸಾಗಬೇಕಾದ ಕಾಡುಪಾಪಕ್ಕೆ ಬಳ್ಳಿಯೇ ಸೇತುವೆ. ಬೆಂಗಳೂರಿನ ಹಳೆಯ ತೋಪುಗಳಲ್ಲಿ ಅಲ್ಲಲ್ಲಿ ಇನ್ನೂ ಉಳಿದುಕೊಂಡಿರುವ ಕಾಡುಪಾಪಗಳು ಮರಗಳ ಲೆಕ್ಕದಿಂದ ಬದುಕುವುದಿಲ್ಲ, ಮರ ಮರವನ್ನು ಬೆಸೆದ ಬಳ್ಳಿಗಳಿಂದ ಬದುಕುತ್ತವೆ.

ಇದೇ ದೃಷ್ಟಿ ನಗರದೊಳಕ್ಕೆ ಬಂದಾಗ ಅದಕ್ಕೆ ವೃಕ್ಷೋದ್ಯಾನ ಎಂಬ ಸೊಗಸಾದ ಹೆಸರು ಸಿಗುತ್ತದೆ. ಕೆಂಗೇರಿಗೆ ದೂರವಲ್ಲದ ತುರಹಳ್ಳಿಯ ಕಾಡನ್ನು ಅಂಥದೊಂದು ಉದ್ಯಾನವಾಗಿಸುವ ಯೋಜನೆ 2021ರ ಆರಂಭದಲ್ಲಿ ಬಂದಾಗ ನಾಗರಿಕರು ಕಾಡಿನ ಪರವಾಗಿ ಬೀದಿಗಿಳಿದರು. ಯೋಜನೆ ಹಿಂದೆ ಸರಿಯಿತು. ಮಲೆನಾಡಿನ ನಾವು ಆ ಹೋರಾಟಕ್ಕೆ ಕೈಮುಗಿಯುತ್ತೇವೆ. ಕಾಡೆಂದರೆ ಮರಗಳ ಸಾಲಲ್ಲ, ಪೊದೆ, ಮುಳ್ಳು, ಬಳ್ಳಿಗಳ ಗೋಜಲೂ ಕಾಡೇ ಎಂಬುದನ್ನು ಅಂದು ನಗರದ ಜನರೇ ಸರಕಾರಕ್ಕೆ ಹೇಳಿದರು.

ಆದರೆ ಅರಣ್ಯ ಇಲಾಖೆಯೊಂದನ್ನೇ ದೂರಿ ನಾವು ಪಾರಾಗುವಂತಿಲ್ಲ. ಮಲೆನಾಡಿನ ಗದ್ದೆ, ತೋಟಗಳ ಅಂಚಿನಲ್ಲಿದ್ದ ಸೀಗೆ ಬೇಲಿಗಳನ್ನು ಕಿತ್ತವರು ಯಾರು? ನಾವೇ. ವರ್ಷಕ್ಕೊಮ್ಮೆ ಸವರುವುದಕ್ಕೆ ಆಳು ಸಿಗುವುದಿಲ್ಲ, ಒಂದೂವರೆ ಮಾರು ಜಾಗ ತಿನ್ನುತ್ತದೆ, ತಂತಿ ಎಳೆದರೆ ಎರಡೇ ದಿನದ ಕೆಲಸ ಎಂದು ಲೆಕ್ಕ ಹಾಕಿದೆವು. ದನ ನುಸುಳದ, ಹಕ್ಕಿಗೆ ಮನೆಯಾಗುವ, ಕಾಯಿ ಕೊಡುವ, ತಾನೇ ತಾನಾಗಿ ದುರಸ್ತಿಯಾಗುವ ಬೇಲಿಯನ್ನು ತೆಗೆದು, ತುಕ್ಕು ಹಿಡಿಯುವ ಬೇಲಿಯನ್ನು ಸಾಲ ಮಾಡಿ ತಂದೆವು. ಸೀಗೆ ಅಳಿವಿನಂಚಿನ ಅಪರೂಪದ ಸಸ್ಯವೇನೂ ಅಲ್ಲ. ಅಪರೂಪದ್ದಕ್ಕೆ ಅಳುವವರು ಬೇಕಾದಷ್ಟು ಮಂದಿ ಇದ್ದಾರೆ. ಸಾಮಾನ್ಯವಾದದ್ದು ಮನೆಯಂಗಳದಿಂದ ಹೊರಟುಹೋದಾಗ ಅಳುವವರಿಲ್ಲ.

ಎರಡು ಬಗೆಯ ನೊರೆ

ಈಗ ನೊರೆಯ ವಿಚಾರಕ್ಕೆ ಬರೋಣ. ಏಕೆಂದರೆ ನಗರಕ್ಕೂ ನಮಗೂ ಇರುವ ವ್ಯಾಜ್ಯ ಅಲ್ಲಿದೆ.

ಸೀಗೆಯ ಸಪೋನಿನ್ ಅಣುವಿಗೆ ಎರಡು ಮುಖ. ಒಂದು ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಎರಡನ್ನೂ ಹಿಡಿದುಕೊಂಡು ಜಿಡ್ಡನ್ನು ನೀರಿನೊಂದಿಗೆ ಹೊರಡಿಸುತ್ತದೆ. ಕಾರ್ಖಾನೆಯ ಮಾರ್ಜಕದ ಕೆಲಸವೂ ತತ್ತ್ವದಲ್ಲಿ ಇದೇ. ವ್ಯತ್ಯಾಸ ಇರುವುದು ಬಚ್ಚಲಿನಿಂದ ಹೊರಬಿದ್ದ ಮೇಲಿನ ಕಥೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಪ್ರಮಾಣದಲ್ಲಿ. ನಾವು ತಲೆಗೆ ಹಾಕುವುದಷ್ಟೇ ಅಲ್ಲ. ಬಟ್ಟೆಗೆ, ಪಾತ್ರೆಗೆ, ನೆಲಕ್ಕೆ, ಕಾರಿಗೆ ಎಲ್ಲಕ್ಕೂ ಇಂದು ನೊರೆ ಬೇಕು. ಬಟ್ಟೆಯ ಪುಡಿಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್ ಗಾಳಿಯಾಡುವ ನೀರಿನಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಕರಗಿಹೋಗುತ್ತದೆ, ನಿಜ. ಆದರೆ ಆಮ್ಲಜನಕವೇ ಇಲ್ಲದ ಕೊಳಚೆಯಲ್ಲಿ ಅದು ಸುಲಭವಾಗಿ ಕೊಳೆಯುವುದಿಲ್ಲ. ಹಾಗೆಯೇ ಉಳಿದು, ನೀರು ಎಲ್ಲಿಯಾದರೂ ಎತ್ತರದಿಂದ ಧುಮುಕಿದಾಗ ಮತ್ತೆ ನೊರೆಯಾಗಿ ಏಳುತ್ತದೆ. ಮಾರ್ಜಕಗಳೊಂದಿಗೆ ಬರುವ ರಂಜಕವು ಕೆರೆಯಲ್ಲಿ ಅಂತರಗಂಗೆಯನ್ನು ಕೊಬ್ಬಿಸುತ್ತದೆ.

ಈ ರಸಾಯನಶಾಸ್ತ್ರದ ಪಾಠವನ್ನು ಪಶ್ಚಿಮ ಬೆಂಗಳೂರಿನವರು ಪುಸ್ತಕದಿಂದ ಕಲಿಯಬೇಕಿಲ್ಲ. ಅವರ ಮನೆಗಳ ಕೆಳಗೇ ವೃಷಭಾವತಿ ಹರಿಯುತ್ತಿದೆ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ, ಮಲ್ಲೇಶ್ವರದ ಕಡೆಯಿಂದಲೂ ಕವಲೊಂದನ್ನು ಕೂಡಿಸಿಕೊಳ್ಳುವ ಈ ಹೊಳೆ, ರಾಜಾಜಿನಗರ, ವಿಜಯನಗರಗಳ ರಾಜಕಾಲುವೆಗಳನ್ನು ಸೇರಿಸಿಕೊಂಡು, ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಬೀಳುತ್ತದೆ. ಅಲ್ಲಿಂದ ಅರ್ಕಾವತಿ, ಅಲ್ಲಿಂದ ಸಂಗಮದಲ್ಲಿ ಕಾವೇರಿ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ದೇಶವೇ ನೋಡಿತು. ಬೈರಮಂಗಲದ ನೊರೆಯನ್ನು ನೋಡುವವರು ಆ ನೀರಿನಲ್ಲಿ ಬೆಳೆ ತೆಗೆಯುವ ರೈತರು ಮಾತ್ರ.

ಸುತ್ತನ್ನು ಗಮನಿಸಿ. ಕೊಡಗಿನ ಮಲೆಯಲ್ಲಿ ಹುಟ್ಟಿದ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಮೇಲೆತ್ತಿ ಬಸವೇಶ್ವರನಗರದ ನಲ್ಲಿಗೆ ತರುತ್ತಾರೆ. ಮಲೆಯ ಕಾಯಿಯ ಚಿತ್ರವಿರುವ ಬಾಟಲಿಯಿಂದ ನೊರೆಯನ್ನು ಸುರಿದುಕೊಂಡು ಅದೇ ನೀರಿನಲ್ಲಿ ಮೀಯುತ್ತಾರೆ. ಆ ನೊರೆ ವೃಷಭಾವತಿಯ ಮೂಲಕ ಮತ್ತೆ ಕಾವೇರಿಗೆ ಹೋಗುತ್ತದೆ. ನೀರು ನಮ್ಮದು, ಹೆಸರು ನಮ್ಮದು, ಚಿತ್ರ ನಮ್ಮದು. ನೊರೆ ಮಾತ್ರ ಕಾರ್ಖಾನೆಯದು.

ಕಾಯಿ ಆಯುವ ಕೈಗಳು

ಬಾಟಲಿಯಲ್ಲಿ ಸೀಗೆಯ ಸಾರ ಅಷ್ಟಿಷ್ಟು ಇರಬಹುದು. ಹಾಗಿದ್ದರೆ ಆ ಕಾಯಿಯನ್ನು ಆಯ್ದವರು ಯಾರು ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ಬಾಟಲಿಯ ಮೇಲೆ ತಯಾರಿಕೆಯ ದಿನ ಇರುತ್ತದೆ, ಬೆಲೆ ಇರುತ್ತದೆ. ಕಾಡಿನ ಹೆಸರು ಇರುವುದಿಲ್ಲ, ಆಯ್ದವರ ಕೂಲಿ ಇರುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಜೇನು, ನೆಲ್ಲಿ, ಅಂಟುವಾಳಗಳ ಜೊತೆಗೆ ಸೀಗೆಯನ್ನೂ ಆಯುತ್ತ ಬಂದವರು. ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಅದನ್ನು ಮಾರುತ್ತಿದ್ದವರು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಿರುಉತ್ಪನ್ನಗಳನ್ನು ಸಂಗ್ರಹಿಸುವುದಕ್ಕೆ ನಿಷೇಧ ಬಂತು. ಕಾಡನ್ನು ಬಲ್ಲವರೇ ಕಾಡಿಗೆ ಕಳ್ಳರಾದರು. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನವನ್ನು, ಸಂಗ್ರಹಿಸುವ ಮತ್ತು ಮಾರುವ ಹಕ್ಕನ್ನು ಕಾಡಿನ ಜನರಿಗೆ ಮಾನ್ಯ ಮಾಡಿತು. ಅದರ ಅಡಿಯಲ್ಲಿ 2011ರಲ್ಲಿ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಅದು ಗೆಲುವು. ಆದರೆ ಎಲ್ಲ ಮಲೆಗಳ ಎಲ್ಲ ಸಂಗ್ರಾಹಕರ ಕಥೆ ಅಲ್ಲಿಗೆ ಮುಟ್ಟಿಲ್ಲ. ಕಾಡಿನ ಮೇಲೆ ಹಕ್ಕಿರುವವನು ನಾಳೆಗೂ ಕಾಯಿ ಬೇಕೆಂದು ಬಳ್ಳಿಯನ್ನು ಉಳಿಸುತ್ತಾನೆ. ಒಂದು ಋತುವಿನ ಗುತ್ತಿಗೆ ಹಿಡಿದವನ ಅವಸರಕ್ಕೆ ಬಳ್ಳಿಯನ್ನೇ ಕಡಿದು ಕೆಡವಿ ಕಾಯಿ ಕೀಳುವುದು ಲಾಭ. ಇಷ್ಟು ಸರಳವಾದ ಸತ್ಯವನ್ನು ಅರಿಯಲು ಯಾವ ತಜ್ಞರ ಸಮಿತಿಯೂ ಬೇಕಾಗಿಲ್ಲ.

ಆಕ್ಷೇಪಗಳಿಗೆ ಉತ್ತರ

ಇದೆಲ್ಲ ಹಳೆಯ ಕಾಲದ ಹಳಹಳಿಕೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹಂಡೆಯಲ್ಲಿ ನೀರು ಕಾಯಿಸಿ, ಮನೆಮಂದಿಯ ತಲೆಗೆಲ್ಲ ಎಣ್ಣೆ ಹಚ್ಚಿ, ಒರಳಿನಲ್ಲಿ ಸೀಗೆ ಕುಟ್ಟಿ, ಕಣ್ಣುರಿಯಿಂದ ಅಳುವ ಮಕ್ಕಳನ್ನು ಹಿಡಿದು ಮೀಯಿಸುತ್ತಿದ್ದವರು ಹೆಂಗಸರು. ಆ ದುಡಿಮೆಯನ್ನು ಅವರ ತಲೆಗೇ ಮತ್ತೆ ಕಟ್ಟುವ ಪರಿಸರವಾದ ನಮಗೆ ಬೇಡ.

ಸೀಗೆಯೂ ಸಂಪೂರ್ಣ ನಿರಪಾಯಕಾರಿಯಲ್ಲ ಎನ್ನುವವರೂ ಇದ್ದಾರೆ. ಅದೂ ನಿಜ. ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ. ಸಪೋನಿನ್ ಇರುವ ಕಾಯಿ, ತೊಗಟೆಗಳನ್ನು ಮೀನು ಹಿಡಿಯಲು ನೀರಿಗೆ ಹಾಕುವುದು ಹಲವು ಕಾಡುಗಳಲ್ಲಿ ಗೊತ್ತಿರುವ ವಿದ್ಯೆ. ಸಹಜವಾದದ್ದೆಲ್ಲ ಸಾಧು ಎಂಬುದು ಜಾಹೀರಾತಿನ ಸುಳ್ಳು. ಚಳವಳಿಗೆ ಆ ಸುಳ್ಳು ಬೇಕಾಗಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಕೋಟಿಗೂ ಮೀರಿದ ಜನರಿರುವ ನಗರವು ನಾಳೆಯಿಂದ ಸೀಗೆಗೆ ಮರಳಿದರೆ ನಮ್ಮ ಕಾಡಿನ ಗತಿಯೇನು? ಒಂದೇ ವರ್ಷದಲ್ಲಿ ಮೆಳೆಗಳು ಬರಿದಾಗುತ್ತವೆ. ಆದ್ದರಿಂದ ಎಲ್ಲರೂ ಸೀಗೆ ಹಚ್ಚಿರಿ ಎಂದು ನಾವು ಕರೆ ಕೊಡುತ್ತಿಲ್ಲ. ಕಾಡಿನಿಂದ ತಂದು ನಗರಕ್ಕೆ ಸುರಿಯುವ ದಾರಿ, ಬಾಟಲಿಯಲ್ಲಿ ಬಂದರೂ ಚೀಲದಲ್ಲಿ ಬಂದರೂ, ಒಂದೇ ದಾರಿ. ಬೇಡಿಕೆಯು ಕಾಡಿನಿಂದ ಬೇಲಿಗೆ ವರ್ಗವಾಗಬೇಕು ಎಂಬುದು ನಮ್ಮ ಮಾತು.

ನಾವು ಕೇಳುವುದು ಇಷ್ಟು. ಅರಣ್ಯ ಇಲಾಖೆ ತನ್ನ ಯೋಜನೆಗಳಲ್ಲಿ ಹತ್ತುಬಳ್ಳಿಯನ್ನು ಕಳೆಯೆಂದು ಕಡಿಸುವುದನ್ನು ನಿಲ್ಲಿಸಲಿ. ಸಸ್ಯಕ್ಷೇತ್ರಗಳಲ್ಲಿ ಸೀಗೆ ಸಸಿಯನ್ನು ಬೆಳೆಸಿ ರೈತರಿಗೆ ಕೊಡಲಿ. ತಂತಿಬೇಲಿಗೆ ಸಹಾಯಧನ ಕೊಡುವ ಸರಕಾರ ಜೀವಂತ ಬೇಲಿಗೂ ಅಷ್ಟೇ ಕೊಡಲಿ. ಸೀಗೆಯ ಚಿತ್ರ ಹಾಕುವ ತಯಾರಕರು ಅದರಲ್ಲಿ ಸೀಗೆ ಎಷ್ಟು, ಎಲ್ಲಿಯದು ಎಂಬುದನ್ನು ಕನ್ನಡದಲ್ಲಿ ಅಚ್ಚುಮಾಡಲಿ. ವೃಷಭಾವತಿಗೆ ಸೇರುವ ಪ್ರತಿಯೊಂದು ಕಾಲುವೆಯ ನೀರೂ ಸಂಸ್ಕರಣೆಯಾಗದೆ ಕೆಂಗೇರಿಯನ್ನು ದಾಟದಿರಲಿ.

ಮಲೆನಾಡಿನ ರೈತರಲ್ಲಿ ಒಂದು ಮನವಿ. ಸೀಗೆಯ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿಗೆ ಹಾಕಿ ಒಂದು ರಾತ್ರಿ ನೆನೆಸಿ, ಮಳೆಗಾಲದ ಆರಂಭದಲ್ಲಿ ಅಗಳದ ಏರಿಯ ಮೇಲೆ ಊರಿ. ಮೊದಲ ವರ್ಷಗಳಲ್ಲಿ ದನದ ಬಾಯಿಯಿಂದ ಕಾಪಾಡಿದರೆ ಆಮೇಲೆ ಅದು ನಿಮ್ಮನ್ನು ದನದಿಂದ ಕಾಪಾಡುತ್ತದೆ.

ಪಶ್ಚಿಮ ಬೆಂಗಳೂರಿನ ಗೆಳೆಯರೇ, ನಿಮ್ಮಲ್ಲಿ ಅನೇಕರು ನಮ್ಮ ಮಲೆಗಳಿಂದಲೇ ಹೋದವರು. ನಿಮ್ಮ ಅಜ್ಜಿಯ ಬಚ್ಚಲಿನ ಸೀಗೆಯ ಘಾಟು ನಿಮ್ಮ ಮೂಗಿನಲ್ಲಿ ಇನ್ನೂ ಇರಬಹುದು. ಜ್ಞಾನಭಾರತಿಯ ವಿಸ್ತಾರವಾದ ಆವರಣ ನಿಮ್ಮ ನೆರೆಯಲ್ಲಿದೆ. ಶಾಲೆಗಳ, ಉದ್ಯಾನಗಳ, ಕೆರೆಗಳ ಸುತ್ತಲೂ ತಂತಿಯಿದೆ. ಆ ತಂತಿಯ ಒಳಮಗ್ಗುಲಲ್ಲಿ, ಮಕ್ಕಳ ಓಡಾಟದಿಂದ ತುಸು ದೂರದಲ್ಲಿ, ಒಂದೊಂದು ಸೀಗೆಯನ್ನು ನೆಡಿಸಿರಿ. ಊರಿನ ಮಂದಿಯ ತಲೆಯನ್ನೆಲ್ಲ ತೊಳೆಯುವಷ್ಟು ಕಾಯಿ ಅದರಿಂದ ಸಿಗುವುದಿಲ್ಲ. ಆದರೆ ಸೀಗೇಹಳ್ಳಿಯ ಮಗುವೊಂದು ತನ್ನ ಊರಿನ ಹೆಸರನ್ನು ಕಣ್ಣಾರೆ ಕಂಡು, ಅದರ ಕೊಕ್ಕೆಗೆ ಅಂಗಿ ಸಿಕ್ಕಿಸಿಕೊಂಡು, ಬಿಡಿಸಿಕೊಳ್ಳಲು ಕಲಿಯುತ್ತದೆ. ಹಾಗೆ ಒಮ್ಮೆ ಸಿಕ್ಕಿಕೊಂಡ ಮಗು ಬಾಟಲಿಯ ಮೇಲಿನ ಚಿತ್ರಕ್ಕೆ ಮುಂದೆ ಮೋಸಹೋಗಲಾರದು.